ಕೋಲಾರದ ಚಿನ್ನ, ದೆಹಲಿಯ ಕಮಲ

ಮಾರತ್ತಹಳ್ಳಿಗೆ ಆ ಹೆಸರು ಬಂದದ್ದು ಮಾರುತ್ ವಿಮಾನದಿಂದ ಎಂದು ಹೇಳುವವರು ಈಗಲೂ ಇದ್ದಾರೆ. ಎಚ್.ಎ.ಎಲ್. ಕಾರ್ಖಾನೆಯ ಮಾರುತ್ ಮೊದಲ ಸಲ ಹಾರಿದ್ದು 1961ರ ಜೂನ್ 17ರಂದು. ಹಳ್ಳಿ ಅದಕ್ಕಿಂತ ಎಷ್ಟೋ ಹಳೆಯದು. ಆದರೂ ಮೇಲೆ ಸದ್ದು ಮಾಡಿಕೊಂಡು ಹಾರಿಹೋದದ್ದೇ ಕೆಳಗೆ ರಾಗಿ ಬಿತ್ತುತ್ತಿದ್ದ ಊರಿಗೆ ಹೆಸರು ಕೊಟ್ಟಿತು ಎಂದು ನಂಬುವುದು ಜನಕ್ಕೆ ಇಷ್ಟ. ಈಗ ಅಲ್ಲಿ ತುಳಸಿ ಥಿಯೇಟರ್ ಅಂತ ಒಂದು ಬಸ್ ಸ್ಟಾಪು. ಹೊರವರ್ತುಲ ರಸ್ತೆಯ ಕಡೆಗೆ ಹೋದರೆ ಮಲ್ಟಿಪ್ಲೆಕ್ಸು. ಅದರ ನೆಲ ಒರೆಸುವವರು, ಬಾಗಿಲಲ್ಲಿ ನಿಂತು ಚೀಲ ತಡಕುವವರು ಎಲ್ಲಿಂದ ಬರುತ್ತಾರೆ ಎಂದು ನಾವು ಕೇಳಿ ನೋಡಿದ್ದೇವೆ. ಕೆಲವರು ರಾಯಚೂರು, ಯಾದಗಿರಿ ಕಡೆಯವರು. ಕೆಲವರು ಅಸ್ಸಾಮಿನವರು. ಇನ್ನು ಕೆಲವರು ಹೇಳುವುದು, 'ಕೆ.ಜಿ.ಎಫ್. ಸಾರ್, ದಿನಾ ಟ್ರೈನಲ್ಲಿ ಬರ್ತೀವಿ.'

ಆ ರೈಲು ಮಾರಿಕುಪ್ಪಂನಿಂದ ಕತ್ತಲಲ್ಲೇ ಹೊರಡುತ್ತದೆ. ಬಂಗಾರಪೇಟೆ, ಮಾಲೂರು ದಾಟಿ ವೈಟ್‌ಫೀಲ್ಡು, ಕೆ.ಆರ್. ಪುರಕ್ಕೆ ಬರುವಷ್ಟರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅವತ್ತಿನಿಂದ ಆ ಊರಿನ ಕೂಲಿ ನೆಲದಡಿಯಿಂದ ಎದ್ದು ರೈಲು ಹತ್ತಿತು. ಅಜ್ಜ ಭೂಮಿಯೊಳಕ್ಕೆ ಇಳಿಯುತ್ತಿದ್ದ. ಮೊಮ್ಮಗ ಬೆಂಗಳೂರಿಗೆ ಇಳಿಯುತ್ತಾನೆ.

'ಕೆ.ಜಿ.ಎಫ್: ಚಾಪ್ಟರ್ 2' ಬಿಡುಗಡೆಯಾದದ್ದು 2022ರ ಏಪ್ರಿಲ್ 14ರಂದು. ಬಾಬಾಸಾಹೇಬರ ಜಯಂತಿಯ ದಿನ. ಬೆಳಿಗ್ಗೆ ಪಟಕ್ಕೆ ಹಾರ ಹಾಕಿ, ನೀಲಿ ಬಾವುಟ ಕಟ್ಟಿ, ಪಾನಕ ಹಂಚಿ, ಸಂಜೆ ಆಟಕ್ಕೆ ನಾವೂ ಹೋದೆವು. ಸುಳ್ಳು ಯಾಕೆ ಹೇಳಬೇಕು, ಶಿಳ್ಳೆ ಹೊಡೆದವರಲ್ಲಿ ನಾವೂ ಇದ್ದೆವು. ನಮ್ಮ ಜೊತೆ ಕೆ.ಜಿ.ಎಫ್. ಕಡೆಯ ಗೆಳೆಯನೊಬ್ಬ ಇದ್ದ. ಅವನ ತಾತ ಚಾಂಪಿಯನ್ ರೀಫಿನಲ್ಲಿ ಮೂವತ್ತು ವರ್ಷ ದುಡಿದವರು. ಆಟ ಬಿಟ್ಟ ಮೇಲೆ ಸೇತುವೆಯ ಹತ್ತಿರ ಟೀ ಕುಡಿಯುವಾಗ ಅವನು ಹೇಳಿದ: 'ನಮ್ ತಾತ ಕೆಮ್ತಾ ಕೆಮ್ತಾನೇ ಸತ್ರು ಕಣ್ರೋ. ಇದ್ರಲ್ಲಿ ಅಷ್ಟು ದೂಳೈತೆ, ಒಬ್ರೂ ಕೆಮ್ಮಲ್ವಲ್ಲ.'

ಈ ಲೇಖನ ಬರೆಯಲು ಕಾರಣ ಆ ಮಾತು.

ಆ ಚಿತ್ರಕ್ಕೆ ಪ್ರಶಸ್ತಿ ಬಂತು. 2024ರ ಆಗಸ್ಟ್ 16ರಂದು ಪ್ರಕಟವಾದ 70ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ 'ಕೆ.ಜಿ.ಎಫ್: ಚಾಪ್ಟರ್ 2'. ಸಾಹಸ ನಿರ್ದೇಶನದ ಪ್ರಶಸ್ತಿಯೂ ಅದಕ್ಕೇ. ಇದಕ್ಕೂ ಮೊದಲು, 2019ರಲ್ಲಿ ಪ್ರಕಟವಾದ 66ನೆಯ ಪ್ರಶಸ್ತಿಗಳಲ್ಲಿ ಅದರ ಮೊದಲ ಭಾಗಕ್ಕೆ ಎರಡು ಬಂದಿದ್ದವು: ಒಂದು ಸಾಹಸಕ್ಕೆ, ಇನ್ನೊಂದು ಸ್ಪೆಷಲ್ ಎಫೆಕ್ಟ್ಸಿಗೆ. ಅಂದರೆ ಕೋಲಾರದ ಗಣಿಯ ಹೆಸರು ಹೊತ್ತ ಚಿತ್ರಗಳು ದೆಹಲಿಯಲ್ಲಿ ನಾಲ್ಕು ಪ್ರಶಸ್ತಿ ಪಡೆದವು. ಅದರಲ್ಲಿ ಮೂರು ಹೊಡೆದಾಟಕ್ಕೆ ಮತ್ತು ಕಣ್ಣುಕಟ್ಟಿಗೆ.

ಯಶ್ ಅಭಿಮಾನಿಗಳು ಸಿಟ್ಟಾಗುವುದು ಬೇಡ. ಒಬ್ಬ ಬಸ್ ಡ್ರೈವರನ ಮಗ ಆ ಎತ್ತರಕ್ಕೆ ಹೋದದ್ದು ನಮಗೂ ಸಂತೋಷವೇ. ನಮ್ಮ ಪ್ರಶ್ನೆ ಪ್ರಶಸ್ತಿ ಕೊಡುವ ಕೈಯ ಬಗ್ಗೆ. ಸರ್ಕಾರ ಯಾವುದನ್ನು ನೋಡಿ ಭೇಷ್ ಎನ್ನುತ್ತದೆ? ಯಾವಾಗಿನಿಂದ ಹೀಗೆ? ಮೊದಲು ಹೀಗಿರಲಿಲ್ಲವೇ? ಇದನ್ನು ಕೊಂಚ ಹಿಂದಕ್ಕೆ ಹೋಗಿ ನೋಡಬೇಕು.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಸಿನಿಮಾ ಎಂದರೆ ದೊಡ್ಡವರಿಗೆ ಮೂಗುಮುರಿತ. ಎಸ್.ಕೆ. ಪಾಟೀಲ್ ಅಧ್ಯಕ್ಷತೆಯ ಚಲನಚಿತ್ರ ವಿಚಾರಣಾ ಸಮಿತಿ 1951ರಲ್ಲಿ ವರದಿ ಕೊಟ್ಟಿತು. ದುಡ್ಡಿನ ದಾಹದಿಂದ ಕೆಟ್ಟುಹೋಗುತ್ತಿರುವ ಸಿನಿಮಾವನ್ನು ಸರ್ಕಾರ ತಿದ್ದಬೇಕು ಎನ್ನುವ ಗಾಳಿ ಅದು. ಆ ಗಾಳಿಯಲ್ಲೇ 1954ರಲ್ಲಿ ರಾಷ್ಟ್ರೀಯ ಪ್ರಶಸ್ತಿಗಳು ಶುರುವಾದವು. ಮೊದಲ ಚಿನ್ನದ ಪದಕ ಮರಾಠಿಯ 'ಶ್ಯಾಮ್‌ಚಿ ಆಯಿ'ಗೆ. ಮರುವರ್ಷ ಕನ್ನಡಕ್ಕೆ ಮೊದಲ ಮನ್ನಣೆ ಸಿಕ್ಕಿತು, ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ'ಕ್ಕೆ ಒಂದು ಅರ್ಹತಾ ಪತ್ರ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಪ್ರಭುತ್ವ ಮೆಚ್ಚಿದ ಮೊದಲ ಕನ್ನಡ ನಾಯಕ ಒಬ್ಬ ಬೇಡ, ತನ್ನ ಕಣ್ಣು ತಾನೇ ಕಿತ್ತು ದೇವರಿಗೆ ಕೊಟ್ಟವನು. ಕೆಳಗಿನವನು ಮೇಲೆ ಬರಬೇಕಾದರೆ ಕಣ್ಣು ಕೊಟ್ಟು ಬರಬೇಕು!

1970ರ ಪ್ರಶಸ್ತಿಗಳಲ್ಲಿ 'ಸಂಸ್ಕಾರ' ರಾಷ್ಟ್ರಪತಿಗಳ ಚಿನ್ನದ ಪದಕ ಗೆದ್ದಿತು. ಪಟ್ಟಾಭಿರಾಮ ರೆಡ್ಡಿ ಮಾಡಿದ ಈ ಚಿತ್ರವನ್ನು ಮದರಾಸಿನ ಸೆನ್ಸಾರು ಮೊದಲು ತಡೆದಿತ್ತು. ಒಂದು ಕೈ ತಡೆದ ಚಿತ್ರಕ್ಕೆ ಇನ್ನೊಂದು ಕೈ ಚಿನ್ನ ಕೊಟ್ಟಿತು. ಅದರಲ್ಲಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿಗೆ ಹಾಕಿದರು. ಅಸ್ತಮಾ ಇದ್ದ ಹೆಂಗಸು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದವರು ಕೆಲವೇ ದಿನಗಳಲ್ಲಿ ಸತ್ತರು. ಪ್ರಶಸ್ತಿಯ ಇತಿಹಾಸ ಬರೆಯುವವರು ಪದಕದ ಪಟ್ಟಿಯಲ್ಲಿ ಇದನ್ನೂ ಸೇರಿಸಬೇಕು.

ಅದೇ ತುರ್ತು ಪರಿಸ್ಥಿತಿಯ ಕಾಲದಲ್ಲೇ 'ಚೋಮನ ದುಡಿ'ಗೆ ಸ್ವರ್ಣಕಮಲ ಬಂತು. 1975ರ ಚಿತ್ರಗಳಿಗೆ ಕೊಟ್ಟ 23ನೆಯ ಪ್ರಶಸ್ತಿ. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿಯನ್ನು ಬಿ.ವಿ. ಕಾರಂತರು ಕಪ್ಪುಬಿಳುಪಿನಲ್ಲಿ ತೆಗೆದರು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವ ರಾವ್ ಅತ್ಯುತ್ತಮ ನಟರಾದರು. ಚೋಮನಿಗೆ ಎರಡು ಎತ್ತು ಇದೆ, ಭೂಮಿ ಇಲ್ಲ. ಧಣಿಗೆ ಕೊಡುವ ಮನಸ್ಸು ಸ್ವಲ್ಪ ಇದ್ದರೂ ಹೊಲೆಯನಿಗೆ ಬೇಸಾಯ ಕೊಟ್ಟರೆ ಧರ್ಮ ಉಳಿಯುವುದಿಲ್ಲ ಎಂದು ಅವನ ತಾಯಿ ತಡೆಯುತ್ತಾಳೆ. ಮಗನೊಬ್ಬ ನೀರಿನಲ್ಲಿ ಮುಳುಗುವಾಗ ದಡದಲ್ಲಿ ನಿಂತವರು ಮುಟ್ಟಲು ಹೆದರಿ ನೋಡುತ್ತಾ ನಿಲ್ಲುತ್ತಾರೆ. ಕೊನೆಗೆ ಚೋಮನಿಗೆ ಉಳಿಯುವುದು ದುಡಿ.

ನಾವು ಈ ಚಿತ್ರವನ್ನು ಎರಡು ವರ್ಷದ ಹಿಂದೆ ನಮ್ಮ ಕೇರಿಯ ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಮೊದಲ ಅರ್ಧ ಗಂಟೆ ಹುಡುಗರು ಮೊಬೈಲು ನೋಡುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಜೇಬಿಗೆ ಹಾಕಿಕೊಂಡರು. ಮುಗಿದ ಮೇಲೆ ಒಬ್ಬ ಅಜ್ಜಿ ಕೇಳಿದಳು, 'ಇದಕ್ಕೆ ಏನ್ ಕೊಟ್ರಪ್ಪ?' ಚಿನ್ನದ ಕಮಲ ಕೊಟ್ರು ಅಂದೆವು. 'ಯಾರ್ಗೆ?' ಅಂದಳು. ನಾವು ಹೆಸರು ಹೇಳಿದೆವು. ಅವಳಿಗೆ ಆ ಹೆಸರುಗಳಲ್ಲಿ ಆಸಕ್ತಿ ಇರಲಿಲ್ಲ. 'ಅಷ್ಟೊರ್ಸ ಎತ್ತು ಸಾಕ್ದ, ಒಂದು ಸಾಲೂ ಉಳ್ಲಿಲ್ವಲ್ಲ' ಅಂತ ಗೊಣಗುತ್ತಾ ಎದ್ದು ಹೋದಳು.

ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಕರ್ನಾಟಕದ ಭೂಸುಧಾರಣೆ ಕಾನೂನು 1974ರ ಮಾರ್ಚ್ 1ರಂದು ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಆದರೆ ಉಳಲಿಕ್ಕೇ ಬಿಡದವನು? ಗೇಣಿ ಚೀಟಿಯೇ ಇಲ್ಲದ ಕೂಲಿಯವನು ಭೂನ್ಯಾಯಮಂಡಳಿಯ ಮುಂದೆ ಏನು ತೋರಿಸಬೇಕಿತ್ತು, ದುಡಿಯನ್ನೇ? ಜೀತ ನಿಷೇಧದ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ, ಚೋಮನ ಚಿತ್ರ ಬಂದ ವರ್ಷವೇ. ಕಾನೂನು, ಕಮಲ ಎರಡೂ ಒಟ್ಟಿಗೆ ಬಂದವು. ಚೋಮನಂಥವರಿಗೆ ಮುಟ್ಟಿದ್ದು ಬಹಳ ಕಡಿಮೆ. ಚಿತ್ರ ಓಡಿದ್ದು ಹೆಚ್ಚಾಗಿ ಪೇಟೆಗಳಲ್ಲಿ, ಫಿಲಂ ಸೊಸೈಟಿಗಳಲ್ಲಿ. ನಮ್ಮ ಅಪ್ಪಂದಿರು ಆ ಹೊತ್ತಿಗೆ ಟೂರಿಂಗ್ ಟಾಕೀಸಿನ ನೆಲದ ಟಿಕೀಟಿನಲ್ಲಿ ಕುಳಿತು, ಘಂಟಸಾಲರ ವೆಂಕಟೇಶನ ಹಾಡು ಮುಗಿದು ಪರದೆ ಏಳುವುದನ್ನು ಕಾಯುತ್ತಾ ಬೇರೆ ಚಿತ್ರ ನೋಡುತ್ತಿದ್ದರು.

ಹಾಗಾಗಿ 'ಆ ಕಾಲದಲ್ಲಿ ಪ್ರಶಸ್ತಿಗೆ ಬೆಲೆ ಇತ್ತು, ಈಗ ಕೆಟ್ಟಿತು' ಎಂದು ಹಿರಿಯರ ಹಾಗೆ ನಿಟ್ಟುಸಿರು ಬಿಡಲು ನಮ್ಮಿಂದ ಆಗುವುದಿಲ್ಲ. ಕನ್ನಡಕ್ಕೆ ಆರು ಸಲ ದೇಶದ ಅತ್ಯುತ್ತಮ ಚಿತ್ರದ ಪ್ರಶಸ್ತಿ ಬಂದಿದೆ: ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧ, ತಬರನ ಕಥೆ, ತಾಯಿ ಸಾಹೇಬ, ದ್ವೀಪ. ಇವುಗಳಲ್ಲಿ ಅಗ್ರಹಾರದ ಸಂಕಟಕ್ಕೇ ಎರಡು. ನಮ್ಮವನು ಮಧ್ಯದಲ್ಲಿ ನಿಂತದ್ದು ಒಂದರಲ್ಲಿ, ಅದೂ ಸೋಲಲಿಕ್ಕೆ. ನಾಗಾಭರಣರ 'ಗ್ರಹಣ' 1978ರಲ್ಲಿ ಹಬ್ಬಕ್ಕೆ ಕೆಲವು ದಿನ ಮಾತ್ರ ದಲಿತರನ್ನು ಬ್ರಾಹ್ಮಣರನ್ನಾಗಿ ಮಾಡುವ ಪದ್ಧತಿಯನ್ನು ತೋರಿಸಿ ಭಾವೈಕ್ಯದ ಪ್ರಶಸ್ತಿ ಪಡೆಯಿತು. ಗುಣಮಟ್ಟಕ್ಕೂ ಒಂದು ಕೇರಿ ಇತ್ತು, ನಿಜ. ಆದರೂ ಒಂದು ಮಾತು ಒಪ್ಪಬೇಕು. ಆ ಚಿತ್ರಗಳಲ್ಲಿ ಹಸಿವು ಹಸಿವಾಗಿಯೇ ಇತ್ತು. ನೀರಿಗೆ ಬಿದ್ದವನು ನಿಜವಾಗಿ ಸಾಯುತ್ತಿದ್ದ. ದಡದಲ್ಲಿ ನಿಂತವರ ಮುಖ ಕಾಣುತ್ತಿತ್ತು.

ಇನ್ನೊಂದು ವಿಷಯ ಹೆಚ್ಚು ಜನ ಗಮನಿಸಿಲ್ಲ. ಚೋಮನಿಗೆ ಚಿನ್ನ ಕೊಟ್ಟ ಅದೇ 23ನೆಯ ಪ್ರಶಸ್ತಿಗಳಲ್ಲಿ ಹೊಸದೊಂದು ವಿಭಾಗ ಹುಟ್ಟಿತು. ಆರೋಗ್ಯಕರ ಮನರಂಜನೆ ಕೊಡುವ ಅತ್ಯುತ್ತಮ ಜನಪ್ರಿಯ ಚಿತ್ರ. ಮೊದಲನೆಯದು ಹಿಂದಿಯ 'ತಪಸ್ಯಾ'ಗೆ. ಒಂದೇ ವೇದಿಕೆಯ ಮೇಲೆ ಒಂದು ಕಡೆ ಚೋಮ, ಇನ್ನೊಂದು ಕಡೆ ಜನಪ್ರಿಯತೆ. ಮನರಂಜನೆಗೆ ಪ್ರಶಸ್ತಿ ಕೊಡಬಾರದು ಎನ್ನುವ ಮಡಿವಂತಿಕೆ ನಮ್ಮದಲ್ಲ. ದಿನವಿಡೀ ಕಳೆ ಕಿತ್ತ ನಮ್ಮ ಅವ್ವಂದಿರು ರಾತ್ರಿ ರಾಜ್‌ಕುಮಾರರನ್ನು ನೋಡಿ ಅತ್ತು ನಕ್ಕು ಬಂದವರು. ಅದು ಅವರ ಹಕ್ಕು. ಆದರೆ ಜನಪ್ರಿಯ ಎಂಬುದನ್ನು ಅಳೆಯುವುದು ಹೇಗೆ? ಟಿಕೀಟು ಎಣಿಸಬೇಕು, ದುಡ್ಡು ಎಣಿಸಬೇಕು. ಎಣಿಕೆಯ ಅಭ್ಯಾಸ ಒಂದು ಬಾಗಿಲಿನಿಂದ ಒಳಗೆ ಬಂದರೆ ಉಳಿದ ಕೋಣೆಗಳಿಗೂ ಹೋಗುತ್ತದೆ.

ನಮ್ಮ ರಾಜ್ಯದಲ್ಲಿ ಎಣಿಕೆ ಇನ್ನೂ ಮೊದಲೇ ಶುರುವಾಗಿತ್ತು. ಕನ್ನಡ ಚಿತ್ರಗಳು ಮದರಾಸಿನಲ್ಲಿ ತಯಾರಾಗುತ್ತಿದ್ದ ಕಾಲ. ಅವುಗಳನ್ನು ಇಲ್ಲಿಗೆ ಕರೆತರಬೇಕೆಂದು 1960ರ ದಶಕದಲ್ಲಿ ಮೈಸೂರು ಸರ್ಕಾರ ಸಹಾಯಧನ ಕೊಡಲಾರಂಭಿಸಿತು. ಉದ್ದೇಶ ಒಳ್ಳೆಯದೇ. ಕಪ್ಪುಬಿಳುಪಿಗೆ ಒಂದು ದರ, ಬಣ್ಣಕ್ಕೆ ಅದಕ್ಕಿಂತ ಹೆಚ್ಚು. ಚೋಮ ಬಣ್ಣ ಹಚ್ಚಿಕೊಂಡು ಬಂದಿದ್ದರೆ ಹೆಚ್ಚು ಸಿಗುತ್ತಿತ್ತು. 1966–67ರ ಸಾಲಿನಿಂದ ರಾಜ್ಯ ಪ್ರಶಸ್ತಿಗಳೂ ಬಂದವು. ಮುಂದೆ ಸಹಾಯಧನದ ಹೆಸರು 'ಗುಣಾತ್ಮಕ ಕನ್ನಡ ಚಿತ್ರಗಳಿಗೆ' ಎಂದಾಯಿತು. ವರ್ಷಕ್ಕೆ 125 ಗುಣಾತ್ಮಕ ಚಿತ್ರ! 2022ರ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು 200ಕ್ಕೆ ಏರಿಸುವುದಾಗಿ ಹೇಳಿದರು. ಗುಣವನ್ನು ಹೀಗೆ ಬಜೆಟ್ಟಿನಲ್ಲಿ ಏರಿಸುವುದು ಸಾಧ್ಯ ಎಂದು ನಮಗೆ ಗೊತ್ತಿರಲಿಲ್ಲ. ರೇಷನ್ ಅಂಗಡಿಯಲ್ಲಿ ಅಕ್ಕಿಯ ಕೆಜಿ ಏರಿಸಿದಂತೆ. ಸಹಾಯಧನದ ಲೆಕ್ಕ ಹಾಕಿಕೊಂಡೇ ಹದಿನೈದು ದಿನದಲ್ಲಿ ಸುತ್ತಿ ಮುಗಿಸುವ ಚಿತ್ರಗಳ ಕಥೆ ಗಾಂಧಿನಗರದ ಟೀ ಅಂಗಡಿಯ ಹುಡುಗನಿಗೂ ಗೊತ್ತು.

ಪ್ರಶಸ್ತಿಯ ಗತಿಯೋ, ಹೊತ್ತು ಮೀರಿ ಬಂದ ಮಳೆ. 2019ರ ರಾಜ್ಯ ಪ್ರಶಸ್ತಿ ಪ್ರಕಟವಾದದ್ದು 2025ರಲ್ಲಿ. ಅತ್ಯುತ್ತಮ ನಟ ಎಂದು ಆಯ್ಕೆಯಾದ ಸುದೀಪ್ 'ಪೈಲ್ವಾನ್' ಚಿತ್ರಕ್ಕೆ ಬಂದ ಆ ಪ್ರಶಸ್ತಿ ತನಗೆ ಬೇಡ, ತನಗಿಂತ ಅರ್ಹರಿಗೆ ಹೋಗಲಿ ಎಂದರು. ಅದು ದೊಡ್ಡ ಮಾತು. 2021ರ ಅತ್ಯುತ್ತಮ ಚಿತ್ರ 'ದೊಡ್ಡಹಟ್ಟಿ ಬೋರೇಗೌಡ'. ಸರ್ಕಾರಿ ಯೋಜನೆಯಲ್ಲಿ ಒಂದು ಮನೆ ಕಟ್ಟಿಕೊಳ್ಳಲು ಅಲೆಯುವ ಹಳ್ಳಿಯವನ ಕಥೆ. ಅದಕ್ಕೆ ಪ್ರಶಸ್ತಿ ಪ್ರಕಟವಾದದ್ದೂ 2025ರಲ್ಲೇ. ಕಚೇರಿ ಕಚೇರಿ ಅಲೆಯುವವನ ಚಿತ್ರ ನಾಲ್ಕು ವರ್ಷ ಸರ್ಕಾರದ ಬಾಗಿಲಲ್ಲಿ ಕಾದಿತ್ತು ಎಂದರೆ ನಗಬೇಕೋ ಅಳಬೇಕೋ. ಒಳ್ಳೆಯ ಚಿತ್ರವನ್ನು ಗುರುತಿಸಿದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ಪ್ರಶಸ್ತಿ ಬಂತೆಂದು ನಾಲ್ಕು ಜನ ಹೋಗಿ ನೋಡೋಣ ಎಂದರೆ ಅಷ್ಟು ಹೊತ್ತಿಗೆ ಆ ಚಿತ್ರ ಯಾವ ಟಾಕೀಸಿನಲ್ಲಿ ಉಳಿದಿರುತ್ತದೆ?

ದೆಹಲಿಗೆ ಮರಳೋಣ. ಸಾಹಸ ನಿರ್ದೇಶನಕ್ಕೆ ರಾಷ್ಟ್ರೀಯ ಪ್ರಶಸ್ತಿ ಮೊದಲು ಪ್ರಕಟವಾದದ್ದು 2017ರಲ್ಲಿ, 64ನೆಯ ಪ್ರಶಸ್ತಿಗಳ ಜೊತೆ. ಮಲಯಾಳದ 'ಪುಲಿಮುರುಗನ್'ಗೆ. ಅಲ್ಲಿಂದ 2025ರಲ್ಲಿ ಪ್ರಕಟವಾದ 71ನೆಯದರವರೆಗೆ ಎಂಟು ಸಲ ಕೊಟ್ಟಿದ್ದಾರೆ. ಎಂಟರಲ್ಲಿ ಮೂರು ಕನ್ನಡಕ್ಕೆ. ಕೆ.ಜಿ.ಎಫ್.ನ ಎರಡು ಭಾಗ, ನಡುವೆ 'ಅವನೇ ಶ್ರೀಮನ್ನಾರಾಯಣ'. ಆದರೆ ದೇಶದ ಅತ್ಯುತ್ತಮ ಚಿತ್ರ ಎಂದು ಕನ್ನಡಕ್ಕೆ ಕೊನೆಯ ಸ್ವರ್ಣಕಮಲ ಬಂದದ್ದು 2001ರ ಸಾಲಿಗೆ, ಕಾಸರವಳ್ಳಿಯವರ 'ದ್ವೀಪ'ಕ್ಕೆ. ಗಣಿ ಮುಚ್ಚಿದ ವರ್ಷವೂ ಅದೇ. ಕಾಕತಾಳೀಯ ಇರಬಹುದು. ಒಂದು ಕಾಲದಲ್ಲಿ ಕನ್ನಡ ಎಂದರೆ ದೆಹಲಿಗೆ ಯೋಚನೆ ಮಾಡುವ ಚಿತ್ರ ನೆನಪಾಗುತ್ತಿತ್ತು. ಈಗ ಗುದ್ದು ನೆನಪಾಗುತ್ತದೆ.

ಸಾಹಸದವರಿಗೆ ಪ್ರಶಸ್ತಿ ಕೊಟ್ಟದ್ದು ತಪ್ಪಲ್ಲ, ಇದನ್ನು ಒತ್ತಿ ಹೇಳುತ್ತೇವೆ. ಅವರು ಕೂಲಿಗಳು. ಹೀರೋ ಬದಲಿಗೆ ಬೀಳುವವರು, ಸುಟ್ಟುಕೊಳ್ಳುವವರು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರೀಕರಣಕ್ಕೆ ಅನಿಲ್ ಮತ್ತು ಉದಯ್ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದರು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಇಬ್ಬರೂ ಮುಳುಗಿ ಸತ್ತರು. ಹಾರುವುದನ್ನು ಕ್ಯಾಮೆರಾಗಳು ತೆಗೆದವು, ಟೀವಿಗಳು ವಾರಗಟ್ಟಲೆ ತೋರಿಸಿದವು. ಐದು ತಿಂಗಳಲ್ಲಿ ಸಾಹಸಕ್ಕೆ ಹೊಸ ಪ್ರಶಸ್ತಿ ಬಂತು. 2021ರ ಆಗಸ್ಟಿನಲ್ಲಿ ಬಿಡದಿ ಬಳಿ ಇನ್ನೊಬ್ಬ ಸಾಹಸ ಕಲಾವಿದ ವಿವೇಕ್ ಚಿತ್ರೀಕರಣದಲ್ಲೇ ಕರೆಂಟು ತಗುಲಿ ಸತ್ತ. ಪ್ರಶಸ್ತಿ ಎಷ್ಟು ಚೆನ್ನಾಗಿ ಬಿದ್ದರು ಎಂದು ನೋಡುತ್ತದೆ. ಎಷ್ಟು ಜನ ಎದ್ದರು ಎಂದು ನೋಡುವ ವಿಭಾಗ ಇನ್ನೂ ಹುಟ್ಟಿಲ್ಲ. ಚೋಮನ ಮಗ ಮುಳುಗಿದಾಗ ದಡದಲ್ಲಿ ನಿಂತವರನ್ನು ನೆನೆಸಿಕೊಳ್ಳಿ.

ತೀರ್ಪುಗಾರರು ಎಷ್ಟು ಗಮನವಿಟ್ಟು ನೋಡುತ್ತಾರೆ, ಕೇಳುತ್ತಾರೆ ಎಂಬುದಕ್ಕೂ ನಮ್ಮ ಕನ್ನಡದ್ದೇ ಉದಾಹರಣೆ ಇದೆ. 2022ರಲ್ಲಿ 68ನೆಯ ಪ್ರಶಸ್ತಿಗಳಲ್ಲಿ 'ಡೊಳ್ಳು' ಚಿತ್ರಕ್ಕೆ ಚಿತ್ರೀಕರಣದ ಸ್ಥಳದಲ್ಲೇ ಧ್ವನಿ ಹಿಡಿದದ್ದಕ್ಕಾಗಿ ಪ್ರಶಸ್ತಿ ಕೊಟ್ಟರು. ಇದು ಡಬ್ಬಿಂಗ್ ಮಾಡಿದ ಚಿತ್ರ, ಸ್ಥಳದ ಧ್ವನಿ ಅಲ್ಲವೇ ಅಲ್ಲ ಎಂದು ಅದರ ಧ್ವನಿ ವಿನ್ಯಾಸಕರೇ ಹೊರಗೆ ಬಂದು ಹೇಳಬೇಕಾಯಿತು. ಡೊಳ್ಳು ಬಡಿಯುವ ಹುಡುಗರ ಕಥೆ ಅದು, ಒಳ್ಳೆಯ ವಸ್ತು. ಕಿವಿಗೊಟ್ಟು ಕೇಳಬೇಕಾದವರು ಕೇಳಿರಲಿಲ್ಲ.

ಈಗ ಗಣಿಗೆ ಬರೋಣ. ಪರದೆಯ ಮೇಲೆ ಕಂಡದ್ದು ನರಾಚಿ ಎಂಬ ಕಟ್ಟುಕಥೆಯ ಊರು. ಅಲ್ಲಿ ಸಾವಿರಾರು ಗುಲಾಮರು. ಅವರಿಗೆ ಜಾತಿ ಇಲ್ಲ, ಸಂಘ ಇಲ್ಲ, ಸಿಟ್ಟು ಕೂಡ ಇಲ್ಲ. ಮುಂಬಯಿಯಿಂದ ಒಬ್ಬ ಬಂದು ಬಿಡಿಸುವವರೆಗೆ ಕಾಯುತ್ತಾರೆ. ಆ ದೂಳಿನ ದೃಶ್ಯಗಳಲ್ಲಿ ಕೆಲವನ್ನು ತೆಗೆದದ್ದು ಕೆ.ಜಿ.ಎಫ್.ನ ನಿಜವಾದ ಸೈನೈಡ್ ದಿಬ್ಬಗಳ ಮೇಲೆ. ಕಲ್ಲು ಅರೆದು, ಸೈನೈಡಿನಲ್ಲಿ ಚಿನ್ನ ಬೇರ್ಪಡಿಸಿ, ಉಳಿದದ್ದನ್ನು ಒಂದು ಶತಮಾನ ಸುರಿದು ಆದ ಬೂದುಬೆಟ್ಟಗಳು ಅವು. ಗಾಳಿ ಎದ್ದರೆ ಆ ಪುಡಿ ಊರಿನ ಅನ್ನದ ತಟ್ಟೆಗೆ ಬೀಳುತ್ತದೆ. ಕ್ಯಾಮೆರಾಕ್ಕೆ ಅದು ಚಂದ ಕಂಡಿತು, ಪ್ರಶಸ್ತಿ ಮಂಡಳಿಗೂ ಚಂದ ಕಂಡಿತು.

ನಿಜದ ಗಣಿಯನ್ನು ಜಾನ್ ಟೇಲರ್ ಕಂಪನಿ 1880ರಲ್ಲಿ ಹಿಡಿಯಿತು. ಅದಕ್ಕೆ ಕರೆಂಟು ಬೇಕೆಂದು 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದರು. ಬೆಂಗಳೂರಿಗಿಂತ ಮೊದಲು ಗಣಿಗೆ ಬೆಳಕು. ಕೂಲಿಗಳು ತಟ್ಟಿಯ ಗುಡಿಸಲಿನಲ್ಲಿ, ಕತ್ತಲಲ್ಲಿ. ಬಹುಪಾಲು ಉತ್ತರ ಆರ್ಕಾಟಿನ ಕಡೆಯ ಆದಿದ್ರಾವಿಡರು, ಜೊತೆಗೆ ತೆಲುಗಿನವರು, ಸುತ್ತಲ ಹಳ್ಳಿಯವರು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಯಿತು. ಕೆಳಗೆ ಕಲ್ಲೇ ಸುಡುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿದು ಸತ್ತವರೆಷ್ಟೋ. ಸಿಡಿಯದೆ ಉಳಿದವರ ಎದೆಯಲ್ಲಿ ಕಲ್ಲಿನ ಪುಡಿ ಕೂತು ಸಿಲಿಕೋಸಿಸ್.

ಈ ಜನ ಯಾವ ರಾಕಿಯನ್ನೂ ಕಾಯಲಿಲ್ಲ. 1930ರ ಏಪ್ರಿಲಿನಲ್ಲಿ ಕಂಪನಿ ಎಲ್ಲರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ, ನಾವೇನು ಕಳ್ಳರೇ ಎಂದು ಸಾವಿರಾರು ಕೂಲಿಗಳು ಕೆಲಸ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಅವರಿಗೆ ಹೇಳಿಕೊಳ್ಳುವ ಸಂಘವೂ ಇರಲಿಲ್ಲ. 1946ರಲ್ಲಿ ಮತ್ತೆ ಮುಷ್ಕರ, ಗೋಲಿಬಾರು, ಸಾವು. ಇದಕ್ಕೂ ಹಿಂದೆ, ಶತಮಾನದ ಮೊದಲಲ್ಲೇ, ಮಾರಿಕುಪ್ಪಂನಲ್ಲಿ ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ಇತ್ತು. ಬಾಬಾಸಾಹೇಬರು ದೀಕ್ಷೆ ತೆಗೆದುಕೊಳ್ಳುವುದಕ್ಕೆ ಅರ್ಧ ಶತಮಾನ ಮೊದಲು ಗಣಿಯ ಕೂಲಿಗಳು ಬುದ್ಧನ ಮುಂದೆ ಕೂತಿದ್ದರು. ಪಂಡಿತರು 1907ರಲ್ಲಿ ಮದರಾಸಿನಲ್ಲಿ ಶುರು ಮಾಡಿದ 'ತಮಿಳನ್' ಪತ್ರಿಕೆ ನಿಂತುಹೋಗಿದ್ದಾಗ ಜಿ. ಅಪ್ಪಾದುರೈ 1926ರಲ್ಲಿ ಅದನ್ನು ಕೆ.ಜಿ.ಎಫ್.ನಿಂದಲೇ ಮತ್ತೆ ಹೊರಡಿಸಿದರು. ಈ ಪುಟ ಓದುತ್ತಿರುವ ಗೆಳೆಯರು ಇದನ್ನು ಮರೆಯಬಾರದು. ನಮ್ಮ ಸಣ್ಣ ಪತ್ರಿಕೆಗಳ ಅಜ್ಜಿಯ ಮನೆ ಅಲ್ಲಿದೆ. ಅದೇ ಗಣಿ ಕಾಲೋನಿಯ ಒಣ ಕಕ್ಕಸುಗಳಲ್ಲಿ ಮಲ ಹೊತ್ತವರ ಮನೆಯಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಆ ಕಕ್ಕಸುಗಳ ವಿರುದ್ಧವೇ ಅವರ ಹೋರಾಟ ಮೊದಲಾಯಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಬಂತು.

ಇಷ್ಟೆಲ್ಲ ಇತ್ತು. ಚಿತ್ರ ಮಾಡುವವನು ಕಟ್ಟುಕಥೆ ಮಾಡಬಹುದು, ಅದು ಅವನ ಸ್ವಾತಂತ್ರ್ಯ. ಆದರೆ ಒಂದು ವರ್ಷದ ಕನ್ನಡ ಚಿತ್ರಗಳಲ್ಲೆಲ್ಲ ಇದೇ ಅತ್ಯುತ್ತಮ ಎಂದು ರಾಷ್ಟ್ರಪತಿಗಳ ಕೈಯಿಂದ ಕೊಡಿಸುವಾಗ, ಗಣಿಯನ್ನು 1962ರಲ್ಲಿ ತಾನೇ ವಹಿಸಿಕೊಂಡು 2001ರಲ್ಲಿ ತಾನೇ ಮುಚ್ಚಿದ ಸರ್ಕಾರಕ್ಕೆ ಒಂದು ಕ್ಷಣವಾದರೂ ಅಳುಕು ಬರಬೇಡವೇ? ಸಾವಿರ ಕೋಟಿ ದಾಟಿದ ಗಳಿಕೆ ತಾನೇ ಸಾಕಷ್ಟು ದೊಡ್ಡ ಬಹುಮಾನ. ಅದರ ಮೇಲೆ ಕಮಲ ಇಡುವ ಅಗತ್ಯ ಏನಿತ್ತು? ಸರ್ಕಾರದ ಪ್ರಶಸ್ತಿ ಹುಟ್ಟಿದ್ದೇ ಸಂತೆಯಲ್ಲಿ ಸದ್ದು ಮಾಡಲಾರದವರಿಗಾಗಿ.

ಅವರು ತಮಿಳರು, ನಿಮಗೇಕೆ ಅವರ ಉಸಾಬರಿ ಎಂದು ನಮ್ಮದೇ ಗೆಳೆಯರು ಕೇಳಿದ್ದಾರೆ. ಚಿನ್ನ ಕರ್ನಾಟಕದ್ದು, ಕರೆಂಟು ಕರ್ನಾಟಕದ್ದು, ಚಿತ್ರದ ಹೆಮ್ಮೆ ಕರ್ನಾಟಕದ್ದು, ಕೆಮ್ಮು ಮಾತ್ರ ತಮಿಳರದ್ದೇ? ಆ ಗಣಿಯ ಹುಟ್ಟಿನಲ್ಲಿ ದಲಿತರನ್ನು ನಡುವೆ ನಿಲ್ಲಿಸಿ ಚಿತ್ರ ಮಾಡಲು 2024ರಲ್ಲಿ ಪಾ. ರಂಜಿತ್ ಬರಬೇಕಾಯಿತು. 'ತಂಗಲಾನ್' ತಮಿಳಿನದು. ಆ ಚಿತ್ರದಲ್ಲೂ ಆರ್ಭಟ ಬಹಳ, ನಮಗೆ ಎಲ್ಲವೂ ಹಿಡಿಸಲಿಲ್ಲ. ಆದರೆ ಅಗೆಯುವವನ ಜಾತಿ ಯಾವುದು ಎಂದು ಅದು ಬಚ್ಚಿಡಲಿಲ್ಲ.

ಅದೇ 70ನೆಯ ಪ್ರಶಸ್ತಿಗಳಲ್ಲಿ 'ಕಾಂತಾರ' ಜನಪ್ರಿಯ ಚಿತ್ರವಾಯಿತು, ರಿಷಬ್ ಶೆಟ್ಟಿ ಅತ್ಯುತ್ತಮ ನಟರಾದರು. ಕುಣಿತ ಮೈನವಿರೇಳಿಸುತ್ತದೆ, ನಿಜ. ಕರಾವಳಿಯಲ್ಲಿ ತಲೆಮಾರುಗಳಿಂದ ಆ ಕೋಲ ಕಟ್ಟಿದವರು ಪಂಬದರು, ಪರವರು, ನಲಿಕೆಯವರು. ಚಿತ್ರ ಓಡಿದ ಸದ್ದಿಗೆ 2022ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಪ್ರಕಟಿಸಿತು. ಅಷ್ಟಾದರೂ ಬಂತಲ್ಲ ಎನ್ನೋಣ. ಮಲ್ಟಿಪ್ಲೆಕ್ಸಿನಲ್ಲಿ ನಾಲ್ಕು ಜನರ ಸಂಸಾರ ಒಂದು ಸಂಜೆ ಸಿನಿಮಾ ನೋಡಿ ಪಾಪ್‌ಕಾರ್ನ್ ತಿಂದರೆ ಆಗುವ ಖರ್ಚು ಅದು.

ಟಿಕೀಟಿನ ಮಾತು ಬಂತು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೀಟಿಗೆ 200 ರೂಪಾಯಿಯ ಮಿತಿ ಹಾಕಿತು. ಮಲ್ಟಿಪ್ಲೆಕ್ಸಿನವರು ಹೈಕೋರ್ಟಿಗೆ ಹೋದರು, ಅದೇ ತಿಂಗಳು ತಡೆ ಬಂತು. ಮಾರತ್ತಹಳ್ಳಿಯ ಆಸುಪಾಸು, ಮುನ್ನೇಕೊಳಾಲದ ಕಡೆ ನೀಲಿ ಟಾರ್ಪಾಲಿನ ಜೋಪಡಿಗಳಲ್ಲಿ ಇರುವ ಗಾರೆ ಕೆಲಸದವರಿಗೆ ಈ ತಡೆ ತೆರವು ಯಾವುದೂ ಮುಟ್ಟುವುದಿಲ್ಲ. ಅವರು ಸಿನಿಮಾ ನೋಡುವುದು ಅಂಗೈ ಅಗಲದ ಮೊಬೈಲಿನಲ್ಲಿ. ಅವರ ಮೇಲೆ ಒಂದು ಚಿತ್ರ ಬಂದಿದೆ, ಉತ್ಸವ್ ಗೋನವಾರ ಅವರ 'ಫೋಟೋ', 2024ರಲ್ಲಿ ತೆರೆಗೆ ಬಂತು. ರಾಯಚೂರು ಸೀಮೆಯ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುವ ಆಸೆ. ಬೆಂಗಳೂರಿನಲ್ಲಿ ಅಪ್ಪನ ಹತ್ತಿರ ಬರುತ್ತಾನೆ, ಲಾಕ್‌ಡೌನ್ ಬೀಳುತ್ತದೆ, ಅಪ್ಪ ಮಗ ನಡೆದುಕೊಂಡು ಊರಿಗೆ ಹೊರಡುತ್ತಾರೆ. ಅದರಲ್ಲಿ ಒಂದೂ ಗುದ್ದಿಲ್ಲ, ಸ್ಪೆಷಲ್ ಎಫೆಕ್ಟಿಲ್ಲ. ಬಿಸಿಲೇ ಎಫೆಕ್ಟು. ಥಿಯೇಟರಿನಲ್ಲಿ ಹುಡುಕಿಕೊಂಡು ಹೋಗಿ ನೋಡಿದೆವು, ಹನ್ನೊಂದು ಜನ ಇದ್ದರು.

ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿರುವ ನಮ್ಮ ಗೆಳೆಯರೊಬ್ಬರು ಆರನೇ ಕ್ಲಾಸಿನಲ್ಲಿ ಕರ್ನಾಟಕದ ಖನಿಜಗಳ ಪಾಠ ಮಾಡುತ್ತಾ ಕೆ.ಜಿ.ಎಫ್. ಎಂದರೇನು ಎಂದು ಕೇಳಿದರಂತೆ. ಇಡೀ ಕ್ಲಾಸು 'ರಾಕಿ ಭಾಯ್' ಎಂದು ಕೂಗಿತಂತೆ. ಮಕ್ಕಳ ತಪ್ಪಲ್ಲ. ಪಾಠದಲ್ಲಿ ಕೋಲಾರಕ್ಕೆ ಎರಡು ಸಾಲಿದೆ.

ಕೆ.ಜಿ.ಎಫ್.ನ ಗೆಳೆಯ ತನ್ನ ಲೈನಿನಲ್ಲಿ ಒಂದು ಗೋಡೆ ಗೊತ್ತು ಮಾಡಿದ್ದಾನೆ. ಸುಣ್ಣ ಹೊಡೆಯಬೇಕು. ಮೊದಲ ದಿನ 'ಚೋಮನ ದುಡಿ', ಎರಡನೇ ದಿನ 'ಫೋಟೋ'. ಕೆಳಗಿಳಿದು ಕೆಲಸ ಮಾಡಿದ ಹಿರಿಯರು ಇನ್ನೂ ಕೆಲವರಿದ್ದಾರೆ, ಚಿತ್ರಕ್ಕೆ ಮೊದಲು ಅವರು ಮಾತಾಡುತ್ತಾರೆ, ತಮಿಳಿನಲ್ಲಿ ಆಡಿದ್ದನ್ನು ನಮ್ಮವರು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಭಾನುವಾರ ಇಟ್ಟುಕೊಳ್ಳಬೇಕು, ಉಳಿದ ದಿನ ಊರು ರೈಲಿನಲ್ಲಿರುತ್ತದೆ. ಪ್ರೊಜೆಕ್ಟರ್ ಇದ್ದವರು ಪತ್ರಿಕೆಗೆ ಒಂದು ಸಾಲು ಬರೆಯಿರಿ. ಸ್ಪೀಕರು ಇದೆ, ಸ್ವಲ್ಪ ಗೊರಗುಡುತ್ತದೆ.